ಸತ್ತ ರಾಕ್ಷಸನೇ ಮತ್ತೆ ಬಂದರೆ

ಪತ್ತನಾಜೆ ಕಳೆದು ಊರಿನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದ ಮುಂಬಯಿಗೆ ಯಕ್ಷಗಾನ ಬರುವುದು ವಾಡಿಕೆ. ಮಾಟುಂಗಾದಿಂದ ಡೊಂಬಿವಲಿಯವರೆಗೆ ಒಂದಲ್ಲ ಒಂದು ಸಭಾಗೃಹದಲ್ಲಿ ಚೆಂಡೆಯ ಸದ್ದು ಕೇಳುತ್ತದೆ. ಈ ಸಲ ಒಂದೇ ತಿಂಗಳಲ್ಲಿ ನಾವು ಮೂರು ಆಟ ನೋಡಿದೆವು. ಪ್ರಸಂಗ ಮೂರು, ರಾಕ್ಷಸ ಮಾತ್ರ ಒಬ್ಬನೇ! ಅದೇ ಆರ್ಭಟೆ, ಪ್ರೇಕ್ಷಕರ ನಡುವಿನಿಂದ ಅದೇ ಓಟ, ಹತ್ತೇ ನಿಮಿಷದಲ್ಲಿ ಅದೇ ಸಾವು. ಪಕ್ಕದಲ್ಲಿ ಕುಳಿತ ಹುಡುಗನೊಬ್ಬ, "ಅಮ್ಮಾ, ಇವನು ಹೋದ ವಾರವೇ ಸತ್ತಿದ್ದನಲ್ಲ?" ಎಂದ.

ಹುಡುಗನದು ತಪ್ಪಲ್ಲ. ರಾಕ್ಷಸರೆಲ್ಲ ಒಂದೇ ಎಂದು ಯಕ್ಷಗಾನ ಎಂದೂ ಹೇಳಿಲ್ಲ. ತೆಂಕುತಿಟ್ಟಿನಲ್ಲಿ ರಾವಣನಂಥವರಿಗೆ ರಾಜಬಣ್ಣ, ಒರಟರಿಗೆ ಕಾಟುಬಣ್ಣ, ತಾಟಕಿ-ಶೂರ್ಪನಖಿಯರಿಗೆ ಹೆಣ್ಣುಬಣ್ಣ. ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಚಿಟ್ಟಿ ಇಡಲು ಗಂಟೆಗಟ್ಟಲೆ ಕೂರಬೇಕು. ಅಷ್ಟು ಶ್ರಮದ ವೇಷವನ್ನು ಬಂದ ಬಾಗಿಲಲ್ಲೇ ಕಳುಹಿಸಿಬಿಡುವುದು ಕಲಾವಿದನಿಗೆ ಮಾಡುವ ಅನ್ಯಾಯ.

ದೇವಿ ಮಹಾತ್ಮೆಯನ್ನೇ ನೋಡಿ. ಮಧು-ಕೈಟಭರು ವಿಷ್ಣುವಿಗೇ ವರ ಕೊಡಹೋಗಿ ಕೆಟ್ಟವರು. ಅಹಂಕಾರವೇ ಅವರ ಆಯುಧ, ಅದೇ ಅವರ ಮೃತ್ಯು. ಧೂಮ್ರಲೋಚನ ಬರಿಯ ಹೂಂಕಾರಕ್ಕೆ ಬೂದಿ. ಮಹಿಷ ಕೋಣ, ಸಿಂಹ, ಆನೆ ಎಂದು ರೂಪ ಬದಲಿಸುತ್ತಾನೆ. ರಕ್ತಬೀಜನನ್ನಂತೂ ಹೊಡೆದಷ್ಟೂ ಹೆಚ್ಚುತ್ತಾನೆ; ಬಲವಲ್ಲ, ಉಪಾಯ ಬೇಕು. ಒಬ್ಬೊಬ್ಬನಿಗೂ ಬೇರೆ ಸ್ವಭಾವ, ಬೇರೆ ಸಾವು. ನಾವು ನೋಡಿದ ಆಟದಲ್ಲಿ ಮಹಿಷನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಭಾಗವತರ ಎರಡು ಪದಗಳಲ್ಲಿ ಮುಗಿದುಹೋದರು.

ಇನ್ನೊಂದರಲ್ಲಿ ಶೂರ್ಪನಖಿಯ ಹೆಣ್ಣುಬಣ್ಣವನ್ನೇ ಕೈಬಿಟ್ಟು ನೇರವಾಗಿ ಮಾಯಾ ಶೂರ್ಪನಖಿಯನ್ನು ರಂಗಕ್ಕೆ ತಂದರು. ಸ್ತ್ರೀವೇಷದವರು ಚೆನ್ನಾಗಿಯೇ ಕುಣಿದರು. ಆದರೆ ನಿಜರೂಪ ಕಾಣದವರಿಗೆ ಈ ಬೆಡಗಿನ ಹಿಂದೆ ಏನಿದೆಯೆಂಬ ಭಯ ಹುಟ್ಟುವುದೆಲ್ಲಿಂದ? ಆ ಸನ್ನಿವೇಶದ ಜೀವವೇ ಅಲ್ಲಿದೆ.

ಅಮೆರಿಕದಲ್ಲಿ 1974ರಲ್ಲಿ ಹೊರಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟವುಂಟು. ಮೇಜಿನ ಸುತ್ತ ಕುಳಿತು ಕಥೆ ಕಟ್ಟುವ ಆಟ. ಎದುರಾಳಿಗಳಲ್ಲಿ ವೈವಿಧ್ಯವಿರಲೆಂದು 1977ರಲ್ಲಿ ರಾಕ್ಷಸರದೇ ಒಂದು ಪುಸ್ತಕ ಅಚ್ಚುಹಾಕಿದರು. ಅದರಲ್ಲಿ ನಮ್ಮ 'ರಾಕ್ಷಸ'ನೂ ಒಬ್ಬ, ಹುಲಿಮುಖ ಹೊತ್ತು! ಮನೆಯ ಪೆಟ್ಟಿಗೆಯಲ್ಲಿ ಇಷ್ಟೊಂದು ಇಟ್ಟುಕೊಂಡ ನಾವು ಒಬ್ಬನನ್ನೇ ಸವೆಸುತ್ತಿದ್ದೇವೆ.

ಸಂಘಟಕರ ಕಷ್ಟ ನಮಗೆ ತಿಳಿಯದ್ದಲ್ಲ. ಸಭಾಗೃಹದ ಬಾಡಿಗೆ ಗಂಟೆಯ ಲೆಕ್ಕ. ಕೊನೆಯ ಲೋಕಲ್ ತಪ್ಪಿದರೆ ವಿರಾರಿನವರು ಸ್ಟೇಷನ್ನಿನಲ್ಲೇ ಮಲಗಬೇಕು. ಇಡೀ ರಾತ್ರಿಯ ಆಟ ಮೂರು ಗಂಟೆಗೆ ಇಳಿಯಲೇಬೇಕು, ಒಪ್ಪಿದೆವು. ಆದರೆ ಅದೇ ಆಟದಲ್ಲಿ ಹಾಸ್ಯಕ್ಕೆ ಮುಕ್ಕಾಲು ಗಂಟೆ ಸಿಕ್ಕಿತು, ಸನ್ಮಾನಕ್ಕೆ ಅರ್ಧ ಗಂಟೆ. ಶಾಲುಗಳಲ್ಲಿ ನಾಲ್ಕು ಕಡಿಮೆಯಾಗಿದ್ದರೆ ಶೂರ್ಪನಖಿಗೆ ತೆರೆಯ ಹಿಂದೆ ನಿಂತು ಒಮ್ಮೆ ಅಬ್ಬರಿಸಲು ಸಮಯವಿರುತ್ತಿತ್ತು.

ಮುಂದಿನ ಮಳೆಗಾಲಕ್ಕೆ ಮೇಳವನ್ನು ಕರೆಸುವವರು ವೀಳ್ಯ ಕೊಡುವಾಗಲೇ, "ಈ ಸಲ ಬಣ್ಣದ ವೇಷ ಯಾವುದು?" ಎಂದು ಕೇಳಿಕೊಳ್ಳಲಿ. ಮಹಿಷನಿಗೆ ಒಂದು ವರ್ಷ ರಜೆ ಕೊಟ್ಟು ಮಧು-ಕೈಟಭರನ್ನು ಪೂರ್ತಿಯಾಗಿ ಆಡಿಸಲಿ. ಆ ಹುಡುಗನ ಟಿಕೇಟಿನ ಹಣ ನಾವು ಕೊಡುತ್ತೇವೆ.