‘ಮಾದರಿ’ಯೋ ಉಪಮೆಯೋ? ಗರ್ಭಿಣಿಯ ರಕ್ತದೊತ್ತಡ ಮತ್ತು ಪ್ರಯೋಗದ ಇಲಿ

ಸಾಹಿತ್ಯ ಓದುವವಳಿಗೆ ಇಲಿಯ ಪ್ರಯೋಗದಲ್ಲಿ ಎಂತ ಕೆಲಸ ಅಂತ ನಿಮಗೆ ಅನ್ನಿಸಬಹುದು. ನನ್ನ ಕೆಲಸ ಇರುವುದು ‘ಮಾದರಿ’ ಎಂಬ ಒಂದು ಪದದ ಜೊತೆ. ‘ಅನಿಮಲ್ ಮಾಡೆಲ್’ ಅನ್ನು ನಾವು ‘ಪ್ರಾಣಿ ಮಾದರಿ’ ಅಂತ ಅನುವಾದಿಸ್ತೇವೆ. ಆದರೆ ಮಾದರಿ ಶಾಲೆ, ಮಾದರಿ ಉತ್ತರ ಎಂದಾಗ ಅದು ಉಳಿದವರು ನೋಡಿ ಅನುಸರಿಸಬೇಕಾದದ್ದು. ಪ್ರಯೋಗಾಲಯದಲ್ಲಿ ಇಲಿಯೇ ಮನುಷ್ಯರ ಕಾಯಿಲೆಯನ್ನು ಅನುಸರಿಸುವುದು. ದಿಕ್ಕೇ ತಿರುಗಿಹೋಯಿತು.

ಗರ್ಭಕ್ಕೆ 20 ವಾರ ಕಳೆದ ಮೇಲೆ ರಕ್ತದೊತ್ತಡ 140/90 ಮುಟ್ಟಿ, ಮೂತ್ರದಲ್ಲಿ ಪ್ರೋಟೀನ್ ಹೋಗುವುದು ಅಥವಾ ಯಕೃತ್ತು, ಮೂತ್ರಪಿಂಡಗಳಿಗೆ ಪೆಟ್ಟಾಗುವುದು ಪ್ರಿಎಕ್ಲಾಂಪ್ಸಿಯಾ. ಇದು ಹೆಚ್ಚುಕಡಿಮೆ ಮನುಷ್ಯರದೇ ಕಾಯಿಲೆ. ಸಾಮಾನ್ಯ ಇಲಿಗೆ ತಾನಾಗಿ ಬರುವುದಿಲ್ಲ, ಬರಿಸಬೇಕು.

ಇದನ್ನು ಓದಲಿಕ್ಕೆ ನಮ್ಮ ಅಲಂಕಾರಶಾಸ್ತ್ರದಲ್ಲೇ ಸಲಕರಣೆ ಉಂಟು. ಉಪಮೆಗೆ ನಾಲ್ಕು ಅಂಗ: ಉಪಮೇಯ, ಉಪಮಾನ, ಸಮಾನಧರ್ಮ, ಉಪಮಾವಾಚಕ. ಇಲ್ಲಿ ಗರ್ಭಿಣಿಯ ಕಾಯಿಲೆ ಉಪಮೇಯ, ಇಲಿಯ ಸ್ಥಿತಿ ಉಪಮಾನ. ಹಾಗಾದರೆ ಸಮಾನಧರ್ಮ ಯಾವುದು?

ಹೆಚ್ಚು ಬಳಕೆಯಲ್ಲಿರುವ ಒಂದು ವಿಧಾನದಲ್ಲಿ, ಸುಮಾರು 22 ದಿನದ ಇಲಿಯ ಬಸಿರಿನ 14ನೇ ದಿನ ಮಹಾಪಧಮನಿಗೂ ಅಂಡಾಶಯದ ರಕ್ತನಾಳಗಳಿಗೂ ಸಣ್ಣ ಬೆಳ್ಳಿಯ ಕ್ಲಿಪ್ ಹಾಕ್ತಾರೆ. ಗರ್ಭಕೋಶಕ್ಕೆ ರಕ್ತ ಕಡಿಮೆಯಾಗ್ತದೆ, ತಾಯಿ ಇಲಿಯ ರಕ್ತದೊತ್ತಡ ಏರ್ತದೆ. ಮಾಸಿಗೆ ರಕ್ತ ಸಾಲದಿದ್ದರೆ ಮುಂದೆ ಏನಾಗ್ತದೆ ಎಂಬುದನ್ನು ಇದು ಚೆನ್ನಾಗಿ ಹೇಳ್ತದೆ. ಆದರೆ ಹೆಂಗಸರಲ್ಲಿ ಕಥೆ ಶುರುವಾಗುವುದು ಬಹಳ ಮೊದಲು. ಮಾಸಿನ ಜೀವಕೋಶಗಳು ಗರ್ಭಕೋಶದ ರಕ್ತನಾಳಗಳನ್ನು ಹಿಗ್ಗಿಸುವ ಕೆಲಸ ಗರ್ಭದ ಮೊದಲರ್ಧದಲ್ಲೇ ಸೋತಿರ್ತದೆ. ಅದು ಯಾಕೆ ಸೋತಿತು? ಕ್ಲಿಪ್ಪಿಗೆ ಉತ್ತರವಿಲ್ಲ, ಅದು ಕಥೆಯನ್ನು ನಡುವಿನಿಂದ ಹೇಳ್ತದೆ.

ಇನ್ನೊಂದು ಉದಾಹರಣೆ 2003ರದ್ದು. ಅನಂತ್ ಕರುಮಾಂಚಿ ಅವರ ತಂಡ ಎಸ್‌ಫ್ಲಿಟ್-1 ಎಂಬ ಪ್ರೋಟೀನನ್ನು ಗರ್ಭಿಣಿ ಇಲಿಗಳಲ್ಲಿ ಹೆಚ್ಚಿಸಿತು. ರಕ್ತದೊತ್ತಡ ಏರಿತು, ಮೂತ್ರದಲ್ಲಿ ಪ್ರೋಟೀನ್ ಬಂತು, ಮೂತ್ರಪಿಂಡದಲ್ಲೂ ಈ ಕಾಯಿಲೆಯ ಗುರುತು ಮೂಡಿತು. ದೊಡ್ಡ ಶೋಧನೆಯೇ. ಗಮನಿಸಬೇಕಾದದ್ದು, ಬಸಿರಿಲ್ಲದ ಇಲಿಗಳಲ್ಲೂ ರಕ್ತದೊತ್ತಡ ಏರಿತ್ತು. ಅಂದರೆ ಇದು ಆ ಪ್ರೋಟೀನಿನ ಪರಿಣಾಮಕ್ಕೆ ಒಳ್ಳೆಯ ಉಪಮಾನ, ಬಸಿರಿಗೆ ಅಲ್ಲ.

ಈ ಕಾಯಿಲೆಯ ಹಳೆಯ ವೈದ್ಯಕೀಯ ಹೆಸರು ಟಾಕ್ಸೀಮಿಯಾ, ನಮ್ಮ ಮಾತಿನಲ್ಲಿ ನಂಜು. ರಕ್ತದಲ್ಲಿ ವಿಷ ಯಾವುದೂ ಸಿಗದೆ ಆ ಹೆಸರು ಹಿಂದೆ ಸರಿಯಿತು. ಆದರೆ ಮಾಸಿನಿಂದ ಹೊರಟು ತಾಯಿಯ ರಕ್ತದಲ್ಲಿ ಸುತ್ತಿ ಕೆಡುಕು ಮಾಡುವ ವಸ್ತು ಇದೆ ಅಂತಾದರೆ, ‘ನಂಜು’ ಅಂದವರ ಕಲ್ಪನೆ ಪೂರ್ತಿ ಹುಸಿಯೂ ಆಗಿರಲಿಲ್ಲ.

ನನ್ನ ಆಕ್ಷೇಪ ಪ್ರಯೋಗದ ಮೇಲಲ್ಲ, ಬರವಣಿಗೆಯ ಮೇಲೆ. ಎಚ್ಚರದ ಸಂಶೋಧಕರು ‘ಪ್ರಿಎಕ್ಲಾಂಪ್ಸಿಯಾದಂಥ ಸ್ಥಿತಿ’ ಅಂತ ಬರೀತಾರೆ. ಆ ‘ಅಂಥ’ವೇ ಉಪಮಾವಾಚಕ. ಪತ್ರಿಕೆಯ ಸುದ್ದಿಗೆ, ಅಲ್ಲಿಂದ ಕನ್ನಡಕ್ಕೆ ಬರುವಾಗ ಮೊದಲು ಬಿದ್ದುಹೋಗುವುದು ಅದೇ. ಉಪಮೆ ರೂಪಕವಾಗಿ, ಇಲಿಗೇ ಪ್ರಿಎಕ್ಲಾಂಪ್ಸಿಯಾ ಬರ್ತದೆ, ಇಲಿ ಗುಣವಾದರೆ ಹೆಂಗಸೂ ಗುಣವಾದ ಹಾಗೆ. ಆದರೆ ಮೆಗ್ನೀಷಿಯಂ ಸಲ್ಫೇಟ್ ಈ ಕಾಯಿಲೆಯ ಸೆಳವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸ್ತದೆ ಅಂತ ಖಚಿತವಾದದ್ದು 33 ದೇಶಗಳ ಸುಮಾರು 10,000 ಹೆಂಗಸರು ಪಾಲ್ಗೊಂಡ, 2002ರಲ್ಲಿ ಪ್ರಕಟವಾದ ಮ್ಯಾಗ್‌ಪೈ ಅಧ್ಯಯನದಿಂದ. ಉಪಮೇಯವನ್ನೇ ಕೇಳಬೇಕಾಯಿತು.

ನಮ್ಮ ಕಾಸರಗೋಡಿನಂಥ ಕಡೆ ಇದು ಬರೀ ವ್ಯಾಕರಣದ ಪ್ರಶ್ನೆ ಅಲ್ಲ. ಇಂಗ್ಲಿಷಿನ ಕಾಯಿಲೆ ಮಲೆಯಾಳದ ವಿವರಣೆ ದಾಟಿ ಕನ್ನಡದ ಮನೆಗೆ ಬರುವಷ್ಟರಲ್ಲಿ ‘ಪ್ರೆಷರ್’ ಅಂತ ಒಂದೇ ಪದ ಉಳಿದಿರ್ತದೆ. ಎರಡು ಭಾಷೆ ದಾಟುವಲ್ಲಿ ವಾಚಕಪದ ಎರಡು ಸಲ ಬೀಳಬಹುದು. ಹಾಗಾಗಿ ‘ಪ್ರಾಣಿ ಮಾದರಿ’ಯ ಬದಲು ‘ಪ್ರಾಣಿ ಹೋಲಿಕೆ’ ಅಂತ ಬಳಸಿ ನೋಡುವ ಅಂತ ನನ್ನ ಸೂಚನೆ. ಹೋಲಿಕೆ ಅಂದ ಕೂಡಲೇ ಕನ್ನಡದ ಕಿವಿ ಮುಂದಿನ ಪ್ರಶ್ನೆ ಕೇಳ್ತದೆ: ಯಾವುದರಲ್ಲಿ ಹೋಲಿಕೆ, ಎಷ್ಟರ ಮಟ್ಟಿಗೆ? ಇದಕ್ಕಿಂತ ಒಳ್ಳೆಯ ಪದ ನಿಮ್ಮಲ್ಲಿದ್ದರೆ ಚರ್ಚೆಯಲ್ಲಿ ದಯವಿಟ್ಟು ಹೇಳಿ.