ಮೈಸೂರು ಪಾಕ್ ‘ಮಸರ-ಪಕ’ ಆದದ್ದು

ವೆಬ್ ಡೆವಲಪರುಗಳ ಬಳಗದ ಸಭೆಗೆ ಹೊಸದಾಗಿ ಬರುವವರು ಮುಖ್ಯ ಭಾಷಣ ಯಾರದು ಅಂತ ನೋಡಿಕೊಂಡು ಬರುತ್ತಾರೆ. ನಾನು ನೋಡುವುದು ಕೊನೆಯಲ್ಲಿ ಐದು ನಿಮಿಷದ ಲೈಟ್ನಿಂಗ್ ಟಾಕ್ ಇದೆಯೋ ಇಲ್ಲವೋ ಅಂತ. ನಲವತ್ತು ನಿಮಿಷದ ಭಾಷಣದಲ್ಲಿ ಮೊದಲ ಕಾಲು ಭಾಗ ಭಾಷಣಕಾರರ ಮತ್ತು ಅವರ ಕಂಪನಿಯ ಗುಣಗಾನ, ಕೊನೆಯ ಸ್ಲೈಡು ‘ನಮ್ಮಲ್ಲಿ ಕೆಲಸ ಖಾಲಿ ಇದೆ’. ಐದು ನಿಮಿಷದವರಿಗೆ ಅಷ್ಟು ಪುರುಸೊತ್ತಿಲ್ಲ. ಎದ್ದು ಬರಬೇಕು, ಏನು ಕೆಟ್ಟಿತ್ತು ಹೇಳಬೇಕು, ಯಾಕೆ ಕೆಟ್ಟಿತ್ತು ತೋರಿಸಬೇಕು, ಹೊತ್ತು ಮುಗಿದ ಕೂಡಲೇ ಇಳಿಯಬೇಕು. ಈ ಕಸುಬಿನ ನಿಜವಾದ ರುಚಿ ನನಗೆ ಸಿಕ್ಕಿರುವುದು ಇಂಥ ಐದು ನಿಮಿಷಗಳಲ್ಲೇ.

ಲೈಟ್ನಿಂಗ್ ಟಾಕ್ ಎಂಬ ಹೆಸರಿಟ್ಟು ಇದನ್ನು ರೂಢಿಗೆ ತಂದವರು ಪರ್ಲ್ ಭಾಷೆಯವರು. 2000ನೇ ಇಸವಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ನಡೆದ ಅವರ ಸಮ್ಮೇಳನದಲ್ಲಿ ಮಾರ್ಕ್ ಜೇಸನ್ ಡಾಮಿನಸ್ ಇವನ್ನು ಏರ್ಪಡಿಸಿದ್ದರು. ಸಮ್ಮೇಳನಕ್ಕೆ ಇಟ್ಟಿದ್ದ ಹೆಸರು ‘ವೈಎಪಿಸಿ 19100’. ಪರ್ಲ್ ಇಸವಿಯನ್ನು 1900ರಿಂದ ಎಣಿಸಿ ಕೊಡುತ್ತದೆ. ಆ ಸಂಖ್ಯೆಯ ಮೊದಲಿಗೆ 19 ಅಂತ ಅಂಟಿಸಿಕೊಂಡು ಕೂತಿದ್ದ ಪ್ರೋಗ್ರಾಮುಗಳೆಲ್ಲ ಹೊಸ ವರ್ಷದ ದಿನ 19100 ಅಂತ ತೋರಿಸಿದವು. ತಮ್ಮದೇ ಬಳಗದ ಎಡವಟ್ಟನ್ನು ಸಮ್ಮೇಳನದ ಹೆಸರಾಗಿ ಬರೆಸಿಕೊಂಡವರಿಂದ ಈ ಸಂಪ್ರದಾಯ ಬಂದಿದ್ದು ಎಷ್ಟು ಸರಿಯಾಗಿದೆ ನೋಡಿ.

ಬೆಂಗಳೂರಿಗೂ ಹೀಗೆ ಬಳಗ ಕಟ್ಟುವುದು ಹೊಸದಲ್ಲ. ಪಿಸಿಕ್ವೆಸ್ಟ್ ಪತ್ರಿಕೆಯ ಜೊತೆ ಬರುತ್ತಿದ್ದ ಲಿನಕ್ಸ್ ಸೀಡಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದ ಕಾಲದಲ್ಲಿ ಇಲ್ಲಿ ಲಿನಕ್ಸ್ ಬಳಕೆದಾರರ ಬಳಗವಿತ್ತು. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ಶುರುವಾಯಿತು. 2005ರಲ್ಲಿ ಅದೇ ‘ಫಾಸ್ ಡಾಟ್ ಇನ್’ ಎಂದು ಹೆಸರು ಬದಲಿಸಿಕೊಂಡು 2012ರವರೆಗೆ ನಡೆಯಿತು. ಪೈಥಾನ್‌ನವರ ಬಳಗ ಬ್ಯಾಂಗ್‌ಪೈಪರ್ಸ್. ದೇಶದ ಮೊದಲ ಪೈಕಾನ್ 2009ರ ಸೆಪ್ಟೆಂಬರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆದದ್ದು. ಎರಡು ದಶಕದಿಂದ ಈ ಊರಿನಲ್ಲಿ ವೆಬ್ ಕೆಲಸ ಮಾಡುತ್ತಿರುವ ಯಾರನ್ನೇ ಕೇಳಿ, ಕೆಲಸ ಕಲಿತದ್ದರಲ್ಲಿ ಒಂದಿಷ್ಟಾದರೂ ಇಂಥ ಸಭೆಗಳ ಕಾಫಿ ಹೊತ್ತಿನಲ್ಲಿ ಎನ್ನುತ್ತಾರೆ.

ಈಗಿನ ಸಭೆಗಳ ಸ್ವರೂಪ ಬಹುತೇಕ ಒಂದೇ. ಶನಿವಾರ ಬೆಳಿಗ್ಗೆ, ಯಾವುದೋ ಕಂಪನಿಯ ಕ್ಯಾಂಟೀನು. ಗೇಟಿನಲ್ಲಿ ಸೆಕ್ಯುರಿಟಿಯವರು ಲ್ಯಾಪ್‌ಟಾಪು ತಿರುಗಿಸಿ ಸೀರಿಯಲ್ ನಂಬರನ್ನು ರಿಜಿಸ್ಟರಿನಲ್ಲಿ ಬರೆಸಿಕೊಂಡು, ಅಂಗಿಗೊಂದು ಸ್ಟಿಕ್ಕರ್ ಅಂಟಿಸಿ ಒಳಗೆ ಬಿಡುತ್ತಾರೆ. ಪ್ರೊಜೆಕ್ಟರಿಗೆ ಹೊಂದುವ ವೈರು ಹುಡುಕುವುದರಲ್ಲಿ ಒಂದಷ್ಟು ಹೊತ್ತು. ಆಮೇಲೆ ಹಿಂದಿನ ಸಾಲಿನಿಂದ ‘ಫಾಂಟ್ ದೊಡ್ಡದು ಮಾಡಿ’ ಎಂಬ ಕೂಗು. ಈ ಕೂಗು ಕೇಳಿಸದ ಸಭೆಯಲ್ಲಿ ಯಾರೂ ತೆರೆ ನೋಡುತ್ತಿಲ್ಲ ಅಂತಲೇ ಅರ್ಥ.

ಇತ್ತೀಚೆಗೆ ಕೇಳಿದ ಒಂದು ಐದು ನಿಮಿಷದ ಬಗ್ಗೆ ಹೇಳಲೇಬೇಕು. ಮಾತಾಡಿದವಳು ಮೈಸೂರಿನ ಹುಡುಗಿ. ಕನ್ನಡದಲ್ಲಿ ಅಡುಗೆ ವಿಧಾನ ಪ್ರಕಟಿಸುವ ಸಣ್ಣ ವೆಬ್‌ಸೈಟನ್ನು ಪೈಥಾನ್ ಭಾಷೆಯ ಜಾಂಗೋ ಎಂಬ ವೆಬ್ ಚೌಕಟ್ಟಿನಲ್ಲಿ ಕಟ್ಟುತ್ತಿದ್ದಾಳೆ. ಜಾಂಗೋ ಹುಟ್ಟಿದ್ದೇ ಪತ್ರಿಕಾ ಕಚೇರಿಯಲ್ಲಿ. ಅಮೆರಿಕದ ಕಾನ್ಸಾಸ್ ರಾಜ್ಯದ ‘ಲಾರೆನ್ಸ್ ಜರ್ನಲ್ ವರ್ಲ್ಡ್’ ದಿನಪತ್ರಿಕೆಯ ವೆಬ್ ವಿಭಾಗದಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ 2003ರಲ್ಲಿ ಶುರು ಮಾಡಿದರು, 2005ರಲ್ಲಿ ಅದು ಎಲ್ಲರಿಗೂ ಮುಕ್ತವಾಯಿತು. ಹಾಗಾಗಿ ಶೀರ್ಷಿಕೆಯಿಂದ ಪುಟದ ವಿಳಾಸ ತಯಾರಿಸುವ ಸಲಕರಣೆ ಅದರಲ್ಲೇ ಇದೆ. ಸುದ್ದಿಮನೆಯವರು ವರದಿಗೆ ಇಡುವ ಗುರುತಿನ ಚೀಟಿಯ ಹೆಸರನ್ನೇ ಇದಕ್ಕೂ ಇಟ್ಟುಕೊಂಡಿದ್ದಾರೆ, ಸ್ಲಗ್ ಅಂತ.

ತೊಂದರೆ ಗೊತ್ತಾದದ್ದು ಹೀಗೆ. ‘ಪೂರಿ’ ಮಾಡುವ ವಿಧಾನ ಹಾಕಿದರು, ಸೇವ್ ಆಯಿತು. ಮರುದಿನ ‘ಪುರಿ’ ಒಗ್ಗರಣೆ ಹಾಕುವ ಬಗ್ಗೆ ಒಬ್ಬರು ಬರೆದು, ಶೀರ್ಷಿಕೆಗೆ ಬರೀ ‘ಪುರಿ’ ಅಂತ ಕೊಟ್ಟರು. ಸೇವ್ ಆಗಲಿಲ್ಲ, ‘ಈ ವಿಳಾಸ ಆಗಲೇ ಇದೆ’ ಎಂದಿತು. ಡೇಟಾಬೇಸ್ ತೆರೆದು ನೋಡಿದರೆ ಪೂರಿಯ ವಿಳಾಸ ‘ಪರ’. ಪುರಿಯದೂ ‘ಪರ’ವೇ ಆಗಬೇಕು. ಆಕೆ ಮುಂದಿನ ಸ್ಲೈಡಿಗೆ ಹೋದಳು: ಮೈಸೂರು ಪಾಕ್ ಅಲ್ಲಿ ‘ಮಸರ-ಪಕ’ ಆಗಿತ್ತು. ಐತ್ವ ಇಲ್ಲ, ಕೊಂಬಿಲ್ಲ, ದೀರ್ಘವಿಲ್ಲ. ಕೋಸಂಬರಿ ‘ಕಸಬರ’. ಸಭೆಯಲ್ಲಿ ಇದ್ದವರೆಲ್ಲ ಜೋರಾಗಿ ನಕ್ಕರು. ಕನ್ನಡ ಬಾರದವರು ಪಕ್ಕದವರಿಂದ ಕೇಳಿ ತಿಳಿದು ಆಮೇಲೆ ನಕ್ಕರು.

ಕಾರಣ ಸಣ್ಣದು, ಆದರೆ ಸ್ವಾರಸ್ಯದ್ದು. ಯುನಿಕೋಡ್ ‘ಕ’ವನ್ನು ಅಕ್ಷರ ಎಂದು ವರ್ಗೀಕರಿಸುತ್ತದೆ, ಅದರ ಮೇಲೆ ಕೂರುವ ಇಳಿ, ಗುಡಿಸು, ಕೊಂಬು, ಸೊನ್ನೆಗಳನ್ನು ‘ಚಿಹ್ನೆ’ ಎಂದು ಬೇರೆ ಇಡುತ್ತದೆ. ಅಕ್ಷರಗಳ ವಿನ್ಯಾಸ ಹುಡುಕಲು ಪೈಥಾನ್ ಜೊತೆ ಬರುವ ರೆಜೆಕ್ಸಿನಲ್ಲಿ ಪದದೊಳಗಿನ ಅಕ್ಷರ ಎಂದರೆ ಅಕ್ಷರ, ಅಂಕಿ, ಅಡಿಗೆರೆ, ಇಷ್ಟೇ. ಚಿಹ್ನೆಗಳಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಸ್ಲಗ್ ಮಾಡುವ ಸಲಕರಣೆ ಪದಕ್ಕೆ ಸೇರದ್ದನ್ನೆಲ್ಲ ಕಸವೆಂದು ಗುಡಿಸಿ ಹಾಕುತ್ತದೆ, ಕಾಗುಣಿತವನ್ನೂ ಜೊತೆಗೆ. ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡಿದವರಿಗೆ ಇದು ಜನ್ಮದಲ್ಲಿ ಕಾಣುವುದಿಲ್ಲ. ಯುನಿಕೋಡಿಗೆ ಅನುಮತಿ ಕೊಡದೆ ಆ ಸಲಕರಣೆಯನ್ನು ಹಾಗೇ ಬಳಸಿದರಂತೂ ಕನ್ನಡ ಶೀರ್ಷಿಕೆ ಪೂರ್ತಿ ಮಾಯವಾಗಿ ಖಾಲಿ ವಿಳಾಸ ಉಳಿಯುತ್ತದೆ. ಖಾಲಿ ಆದರೆ ಯಾರಾದರೂ ಗಮನಿಸುತ್ತಾರೆ. ಅರ್ಧ ಉಳಿದರೆ ತಿಂಗಳುಗಟ್ಟಲೆ ಹಾಗೇ ನಡೆಯುತ್ತದೆ.

ಆಕೆಯ ಪರಿಹಾರ ಸರಳವಾಗಿತ್ತು: ಉಳಿಸಿಕೊಳ್ಳುವ ಪಟ್ಟಿಗೆ ಯುನಿಕೋಡಿನ ಇಡೀ ಕನ್ನಡ ವಿಭಾಗವನ್ನು ಸೇರಿಸಿದ್ದಳು. ‘ಮೈಸೂರು-ಪಾಕ್’ ಸರಿಯಾಗಿ ಬಂತು. ಚಪ್ಪಾಳೆಯೂ ಬಂತು. ಆಗ ಹಿಂದಿನ ಸಾಲಿನಿಂದ, ಶ್ರೀಲಿಪಿ ತಂತ್ರಾಂಶದ ಕಾಲದಿಂದ ಡಿಟಿಪಿ ಮಾಡಿಕೊಂಡು ಬಂದ ಹಿರಿಯರೊಬ್ಬರು ಕೈ ಎತ್ತಿದರು. 

“ಅದೆಲ್ಲ ಸರಿಯಮ್ಮ, ರಾಜ್‌ಕುಮಾರ್ ಅಂತ ಒಂದ್ಸಲ ಹಾಕಿ ನೋಡಿ.”

“ಅಡುಗೆ ಸೈಟಿಗೆ ರಾಜ್‌ಕುಮಾರ್ ಯಾಕೆ ಸರ್?”

“ಅಣ್ಣಾವ್ರಿಗೆ ಇಷ್ಟವಾದ ಊಟ ಅಂತ ಯಾರೋ ಬರೆದೇ ಬರೀತಾರೆ. ಹಾಕಿ.”

ಹಾಕಿದಳು. ‘ರಾಜ್ಕುಮಾರ್’ ಎಂದು ಬಂತು, ಜ ಕಾರಕ್ಕೆ ಕ ಒತ್ತು ಬಿದ್ದು. ಎರಡನ್ನೂ ಬಿಡಿಸಿ ನಿಲ್ಲಿಸುವ ಕಣ್ಣಿಗೆ ಕಾಣದ ಅಕ್ಷರ, ಜೀರೋ ವಿಡ್ತ್ ನಾನ್ ಜಾಯ್ನರ್, ಯುನಿಕೋಡಿನಲ್ಲಿ ಕನ್ನಡದ ವಿಭಾಗದಲ್ಲಿಲ್ಲ, ಬೇರೆ ಕಡೆ ಇದೆ. ಗುಡಿಸುವಾಗ ಅದೂ ಹೋಗಿತ್ತು.

ಅಲ್ಲಿಗೆ ಐದು ನಿಮಿಷ ಮುಗಿದು ಎಷ್ಟೋ ಹೊತ್ತಾಗಿತ್ತು, ಯಾರೂ ಗಡಿಯಾರ ನೋಡಲಿಲ್ಲ. ಹುಡುಕುವ ಪೆಟ್ಟಿಗೆಯಲ್ಲಿ ಏನಾಗುತ್ತದೆ ಎಂದು ಒಬ್ಬರು ಕೇಳಿದರು. ಒಬ್ಬರ ಕೀಲಿಮಣೆ ಆ ಕಾಣದ ಅಕ್ಷರ ಹಾಕುತ್ತದೆ, ಇನ್ನೊಬ್ಬರದು ಹಾಕುವುದಿಲ್ಲ; ಬರೆದವರು ಒಂದು ರೀತಿ, ಹುಡುಕುವವರು ಇನ್ನೊಂದು ರೀತಿ ಬರೆದರೆ ಫಲಿತಾಂಶ ಸೊನ್ನೆ. ತೋರಿಸುವಾಗ ಇರಲಿ, ಹೋಲಿಸುವಾಗ ಎರಡೂ ಕಡೆಯಿಂದ ತೆಗೆದು ಹೋಲಿಸಿ ಎಂಬಲ್ಲಿಗೆ ಮಾತು ನಿಂತಿತು. ಕನ್ನಡದ ವಿಳಾಸವೇ ಬೇಡ ಎಂದು ಇನ್ನೊಬ್ಬರು ವಾದಿಸಿದರು. ಲಿಂಕನ್ನು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದರೆ ಒಂದೊಂದು ಕೋಡ್ ಪಾಯಿಂಟೂ, ಅಂದರೆ ಅಕ್ಷರವೋ ಚಿಹ್ನೆಯೋ ಒಂದೊಂದೂ, ಮೂರು ಬೈಟ್ ಆಗಿ, ಒಂದೊಂದು ಬೈಟಿಗೆ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರವಾಗಿ ಹೊರಬೀಳುತ್ತದೆ. ಹತ್ತು ಕೋಡ್ ಪಾಯಿಂಟಿನ ಮೈಸೂರು ಪಾಕ್, ನಡುವಿನ ಅಡ್ಡಗೆರೆಯೂ ಸೇರಿ, 91 ಅಕ್ಷರದ ರಾಕ್ಷಸ. ನನ್ನ ಮಟ್ಟಿಗೆ ವಿಳಾಸದಲ್ಲಿ ಮೊದಲು ಒಂದು ಕ್ರಮಸಂಖ್ಯೆ ಇರಬೇಕು, ಅದರ ಹಿಂದೆ ಕನ್ನಡ ಶೀರ್ಷಿಕೆ ಶೋಭೆಗೆ ಇರಲಿ. ಆಗ ಪೂರಿ, ಪುರಿ ಜಗಳವೂ ತಪ್ಪುತ್ತದೆ. ಡಿಟಿಪಿಯ ಹಿರಿಯರು ಇದನ್ನು ಒಪ್ಪಲಿಲ್ಲ. ಶೀರ್ಷಿಕೆ ಸರಿಯಾಗಿ ಬರೆಯಲು ಬಾರದ ಯಂತ್ರಕ್ಕೆ ನಂಬರ್ ಕೊಟ್ಟು ಪಾಸ್ ಮಾಡಬೇಡಿ ಎಂಬುದು ಅವರ ಪಟ್ಟು.

ವೆಬ್ ಡೆವಲಪರುಗಳೆಂದರೆ ದಿನವಿಡೀ ಏನೋ ಮಹತ್ತಾದ್ದನ್ನು ಕಟ್ಟುತ್ತಿರುತ್ತಾರೆ ಎಂದು ಮನೆಯವರು ಭಾವಿಸಿರುತ್ತಾರೆ. ನಿಜ ಹೇಳಬೇಕೆಂದರೆ ಫಾರಂ, ಟೇಬಲ್, ಲಾಗಿನ್, ಮತ್ತೆ ಫಾರಂ. ಕೌಶಲ ಇರುವುದೆಲ್ಲ ಫಾರಂ ತುಂಬುವ ಮನುಷ್ಯರು ನಾವೆಣಿಸಿದಂತೆ ಇರುವುದಿಲ್ಲ ಎಂದು ತಿಳಿಯುವುದರಲ್ಲಿ. ಅದೇ ಸಭೆಯಲ್ಲಿ ಕೇಳಿದ ಇನ್ನೊಂದು ಪುಟ್ಟ ಮಾತು: ಆಗಸ್ಟ್ 15ರಂದು ಹುಟ್ಟಿದವರೆಲ್ಲ ಒಂದು ಫಾರಮ್ಮಿನಲ್ಲಿ ಆಗಸ್ಟ್ 14ರಂದು ಹುಟ್ಟಿದ್ದರು. ನಮ್ಮ ಮಧ್ಯರಾತ್ರಿ ಯುಟಿಸಿ ಗಡಿಯಾರದಲ್ಲಿ ಹಿಂದಿನ ದಿನದ ಸಂಜೆ ಆರೂವರೆ. ಬ್ರೌಸರು ದಿನಾಂಕವನ್ನು ಯುಟಿಸಿಗೆ ತಿರುಗಿಸಿ ಕಳಿಸಿತು, ಸರ್ವರ್ ಹೊತ್ತನ್ನು ಕತ್ತರಿಸಿ ದಿನವನ್ನಷ್ಟೇ ಇಟ್ಟುಕೊಂಡಿತು. ಅಷ್ಟೇ, ನಮ್ಮವರ ಹುಟ್ಟುಹಬ್ಬ ಪಾಕಿಸ್ತಾನದ ಸ್ವಾತಂತ್ರ್ಯ ದಿನಕ್ಕೆ ಹೋಗಿ ಕೂತಿತು. ಹುಟ್ಟಿದ ದಿನಕ್ಕೆ ಗಂಟೆ ನಿಮಿಷ ಯಾಕೆ ಬೇಕು? ಬರೀ ದಿನಾಂಕವಾಗಿ ಇಡಿ.

ಈಗ ಎಐ ಕೇಳಿದರೆ ಉತ್ತರ ಸಿಗುತ್ತದಲ್ಲ, ಶನಿವಾರ ಹಾಳುಮಾಡಿಕೊಂಡು ಸಿಲ್ಕ್ ಬೋರ್ಡ್ ದಾಟಿ ಯಾಕೆ ಹೋಗಬೇಕು ಎಂದು ಕಚೇರಿಯ ಕಿರಿಯರು ಕೇಳುತ್ತಾರೆ. ಸ್ಲಗ್ ಯಾಕೆ ಕೆಟ್ಟಿತು ಎಂದು ಕೇಳಿದರೆ ಅದೂ ಸರಿಯಾಗಿಯೇ ಹೇಳುತ್ತದೆ, ನಾನೂ ದಿನಾ ಬಳಸುತ್ತೇನೆ. ಆದರೆ ಆ ಹುಡುಗಿಗೆ ರಾಜ್‌ಕುಮಾರ್ ಹೆಸರು ಹಾಕಿ ನೋಡಬೇಕೆಂದು ಹೊಳೆದಿರಲಿಲ್ಲ. ಕೇಳಲು ಹೊಳೆಯದ್ದನ್ನು ಯಾವ ಯಂತ್ರದ ಮುಂದೂ ಟೈಪ್ ಮಾಡಲಾಗುವುದಿಲ್ಲ. ಹಿಂದಿನ ಸಾಲಿನಲ್ಲಿ ವರ್ಷಗಟ್ಟಲೆ ಒತ್ತಕ್ಷರ ತಿದ್ದಿದ ಒಬ್ಬರು ಕೂತಿರಬೇಕು.

ಅದಕ್ಕೇ ಸಭೆ ಸಣ್ಣದಿದ್ದಷ್ಟೂ ಒಳ್ಳೆಯದು. ಇನ್ನೂರು ಜನರ ಸಭಾಂಗಣದಲ್ಲಿ ಮೈಕು ಹಿಂದಿನ ಸಾಲಿಗೆ ಬರುವಷ್ಟರಲ್ಲಿ ಕೇಳುವವರ ಉತ್ಸಾಹ ಇಳಿದಿರುತ್ತದೆ.

ಕೊನೆಗೊಂದು ತಕರಾರು. ಹೆಸರು ಕೊಟ್ಟವರಲ್ಲಿ ಅರ್ಧದಷ್ಟು ಜನ ಬಂದರೆ ಪುಣ್ಯ ಎಂಬ ಸ್ಥಿತಿ ಈ ಊರಿನ ಬಳಗಗಳದ್ದು. ಜಾಗ ಕೊಟ್ಟವರು ತರಿಸಿದ ಪಿಜ್ಜಾವನ್ನು ಸೆಕ್ಯುರಿಟಿಯವರಿಗೆ, ಹೌಸ್‌ಕೀಪಿಂಗ್‌ನವರಿಗೆ ಹಂಚಿದ ಮೇಲೂ ಉಳಿಯುತ್ತದೆ. ಬರಲಾಗದಿದ್ದರೆ ಹಿಂದಿನ ರಾತ್ರಿಯೊಳಗೆ ಹೆಸರು ತೆಗೆಸಿ. ಕಾಯುವವರ ಪಟ್ಟಿಯಲ್ಲಿ ಕಾಲೇಜಿನ ಹುಡುಗ ಹುಡುಗಿಯರು ಇರುತ್ತಾರೆ, ಜಾಗ ಇದೆ ಅಂದರೆ ತುಮಕೂರಿನಿಂದಾದರೂ ಬೆಳಗಿನ ರೈಲು ಹತ್ತಿ ಬರುತ್ತಾರೆ.