ಸಾವಿನ ಸುದ್ದಿಯನ್ನು ಓದುವುದು ಹೇಗೆ?

ಬಾಳ್ ಠಾಕ್ರೆ ಹುಟ್ಟಿದ್ದು ಇದೇ ಪುಣೆಯಲ್ಲಿ, 1926ರಲ್ಲಿ. ತೀರಿಕೊಂಡದ್ದು ಮುಂಬೈನಲ್ಲಿ, 2012ರ ನವೆಂಬರ್ 17ರಂದು. ಸಾವು ಒಂದೇ, ಬರೆದ ರೀತಿ ಮಾತ್ರ ಹಲವು.

ಮೊದಲು ಪದಗಳನ್ನು ನೋಡಿ. ಅವರೇ 1988ರಲ್ಲಿ ಶುರು ಮಾಡಿದ 'ಸಾಮ್ನಾ'ಕ್ಕೆ ಅವರು 'ಹಿಂದೂ ಹೃದಯ ಸಮ್ರಾಟ'. ವಿದೇಶಿ ಪತ್ರಿಕೆಗಳಿಗೆ ಹಿಂದೂ ರಾಷ್ಟ್ರೀಯವಾದಿ ನಾಯಕ. ಉರ್ದು ಪತ್ರಿಕೆಗಳ ರೂಢಿಯಲ್ಲಿ ತೀರಿಹೋದ ಮುಸ್ಲಿಮರು 'ಮರ್ಹೂಮ್', ಉಳಿದವರು 'ಆಂಜಹಾನಿ'. ಕನ್ನಡದಲ್ಲಿ 'ನಿಧನ' ಅಂದ್ರೆ ಬರೀ ಸುದ್ದಿ. 'ಅಸ್ತಂಗತ' ಅಂದ್ರೆ ಆಗಲೇ ಸೂರ್ಯನಿಗೆ ಹೋಲಿಸಿದ ಹಾಗಾಯ್ತು.

ಆಮೇಲೆ ಜಾಗ ನೋಡಿ. ಶಿವಾಜಿ ಪಾರ್ಕಿನ ಜನಸಾಗರ, ಯಾವ ಸರ್ಕಾರಿ ಹುದ್ದೆಯಲ್ಲೂ ಇರದವರಿಗೆ ಸಿಕ್ಕ ಸರ್ಕಾರಿ ಗೌರವ, ವ್ಯಂಗ್ಯಚಿತ್ರಕಾರನ ಕಥೆ ಇವೆಲ್ಲ ಮೇಲ್ಗಡೆ ಬರ್ತವೆ. 1992-93ರ ಗಲಭೆಯಲ್ಲಿ ಸತ್ತ ಸುಮಾರು 900 ಜನ ಎಷ್ಟನೇ ಪ್ಯಾರಾದಲ್ಲಿದ್ದಾರೆ? ಅವರನ್ನೂ ಶಿವಸೇನೆಯನ್ನೂ ಹೊಣೆ ಮಾಡಿದ ಶ್ರೀಕೃಷ್ಣ ಆಯೋಗದ 1998ರ ವರದಿ ಇದೆಯಾ? ಆ ಗಲಭೆಗಾಗಿ ಅವರಿಗೆ ಶಿಕ್ಷೆಯಾಗಲಿಲ್ಲ ಅನ್ನೋದೂ ಇರಬೇಕು. 1960ರ ದಶಕದಲ್ಲಿ ದಕ್ಷಿಣದವರ ಮೇಲೆ, ಉಡುಪಿ ಹೋಟೆಲುಗಳ ಮೇಲೆ ಸೇನೆ ಹರಿಹಾಯ್ದದ್ದನ್ನು ಕನ್ನಡ ಓದುಗ ಹುಡುಕಬೇಕು. ಹಾಗೇ, ಗಲಭೆಯನ್ನಷ್ಟೇ ಬರೆದು ಜನಸಾಗರವನ್ನು ಬಿಟ್ಟ ಲೇಖನವೂ ಅರ್ಧ ಲೇಖನವೇ. ಇಷ್ಟೊಂದು ಜನ ಯಾಕೆ ಅತ್ತರು ಅಂತ ಅದು ಹೇಳೋದಿಲ್ಲ.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡು ಅಂತ ನಮ್ಮ ಮನೆಗಳಲ್ಲಿ ಕಲಿಸ್ತಾರೆ. ಅದು ಮನೆಯ ಅದಬು, ಪತ್ರಿಕೆಯ ಕೆಲಸ ಬೇರೆ. ಸತ್ತವರ ಮನೆಯವರು ಪತ್ರಿಕೆ ಓದ್ತಾರೆ, ಗಲಭೆಯಲ್ಲಿ ಸತ್ತವರ ಮನೆಯವರೂ ಓದ್ತಾರೆ. ಆಗ ಪ್ರೆಸ್ ಕೌನ್ಸಿಲ್ ಅಧ್ಯಕ್ಷರಾಗಿದ್ದ ಮಾರ್ಕಂಡೇಯ ಕಾಟ್ಜು ಎರಡೇ ದಿನದಲ್ಲಿ 'ದಿ ಹಿಂದೂ'ವಿನಲ್ಲಿ, ತಾನು ಶ್ರದ್ಧಾಂಜಲಿ ಸಲ್ಲಿಸಲಾರೆ ಅಂತ ಕಾರಣ ಕೊಟ್ಟು ಬರೆದರು. 'ಮಣ್ಣಿನ ಮಕ್ಕಳು' ಎಂಬ ವಾದ ಸಂವಿಧಾನಕ್ಕೆ ವಿರುದ್ಧ ಅನ್ನೋದು ಅವರ ತರ್ಕ. ಬೈಗುಳ ಬೇರೆ, ಟೀಕೆ ಬೇರೆ ಅಂತ ತೋರಿಸೋಕೆ ವಿದ್ಯಾರ್ಥಿಗಳಿಗೆ ಇದು ಒಳ್ಳೆ ಪಾಠ.

ಅದೇ ದಿನಗಳಲ್ಲಿ ಪಾಲ್ಘರ್‌ನ ಯುವತಿಯೊಬ್ಬಳು, ಬಂದ್ ಯಾಕೆ ಅಂತ ಫೇಸ್‌ಬುಕ್‌ನಲ್ಲಿ ಕೇಳಿದಳು; ಇನ್ನೊಬ್ಬಳು ಲೈಕ್ ಒತ್ತಿದಳು. ಇಬ್ಬರನ್ನೂ ಪೊಲೀಸರು ಬಂಧಿಸಿದರು, ಚಿಕ್ಕಪ್ಪನ ಆಸ್ಪತ್ರೆಯನ್ನು ಗುಂಪೊಂದು ಒಡೆದುಹಾಕಿತು. ಅವರ ಮೇಲೆ ಹಾಕಿದ್ದ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ದೊಡ್ಡ ದೊಡ್ಡ ಪತ್ರಿಕೆಗಳು ಮೆತ್ತಗೆ ಬರೆದ ದಿನ, ಪ್ರಶ್ನೆ ಕೇಳಿದ ಭಾರವನ್ನು ಇಬ್ಬರು ಹುಡುಗಿಯರು ಹೊತ್ತರು.

ಮುಂದೆ ಇಂಥ ಸಾವು ಬಂದಾಗ ಎರಡು ಭಾಷೆಯ ಎರಡು ಪತ್ರಿಕೆ ಕೊಳ್ಳಿ. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ್ದಕ್ಕೆ ಗೆರೆ ಎಳೆಯಿರಿ.